ಸೌಂಡ್ ಚೆಕ್ಕಿಗೆ ಬಂದವನು

“ಹುಡುಗಿ ಕಡೆಯಾ, ಹುಡುಗನ ಕಡೆಯಾ?” ಮದುವೆ ಹಾಲಿನ ವಾಚ್‌ಮನ್ ಅಶ್ರಫನ ಎದೆಗೆ ಕೈ ಅಡ್ಡ ಹಿಡಿದ.

“ಬ್ಯಾಂಡಿನ ಕಡೆ.”

“ಎಂತ, ಬಾಕ್ಸ್ ಹೊರ್ಲಿಕ್ಕಾ?”

“ಅಲ್ಲ. ಕೇಳ್ಲಿಕ್ಕೆ.” ಅಶ್ರಫ್ ಆ ಕೈ ಸರಿಸಿ ಒಳಗೆ ನಡೆದ. ಬೆಳಗ್ಗೆ ಆರರಿಂದ ಪಣಂಬೂರು ಬಂದರಿನಲ್ಲಿ ಗೊಬ್ಬರದ ಮೂಟೆ ಹೊತ್ತ ಭುಜಕ್ಕೆ ಜಗಳದ ತ್ರಾಣ ಇರಲಿಲ್ಲ. ಇದ್ದ ಸಿಟ್ಟೆಲ್ಲ ನಂತೂರು ಸರ್ಕಲ್ಲಿನಲ್ಲಿ, ಲಾರಿಗಳ ಹಿಂದೆ ಸತ್ತಂತೆ ನಿಂತ ಬಸ್ಸಿನಲ್ಲೇ ಖರ್ಚಾಗಿತ್ತು.

‘ಉಪ್ಪುನೀರು’ ಒಂದು ಕಾಲಕ್ಕೆ ರಾಕ್ ಬ್ಯಾಂಡ್. ಈಗ ಮದುವೆಗಳಲ್ಲಿ ಜನ ಕೇಳಿದ್ದನ್ನು ಬಾರಿಸುತ್ತದೆ. ಅವರದೇ ಹಾಡು ‘ಕೆಂಪು ಧೂಳು’ ಬರುವುದು ಸಂಜೆ ನಾಲ್ಕರ ಸೌಂಡ್ ಚೆಕ್ಕಿನಲ್ಲಿ ಮಾತ್ರ, ಖಾಲಿ ಕುರ್ಚಿಗಳೆದುರು. ಆ ಒಂದು ಹಾಡಿಗೆ ಅಶ್ರಫ್ ಆರು ವರ್ಷದಿಂದ ಹೆಸರೂ ಗೊತ್ತಿಲ್ಲದವರ ಮದುವೆಗಳಿಗೆ ಬರುತ್ತಿದ್ದ, ಮೊದಲ ನೆಂಟ ಕಾಲಿಡುವ ಮುಂಚೆ ಹೊರಡುತ್ತಿದ್ದ. ಒಂದು ತುಂಡು ಕೇಕೂ ತಿಂದವನಲ್ಲ. ಇವತ್ತು ಕೊನೆ. ಡ್ರಮ್ಸಿನ ಮೊರಿಸ್ ಸೋಮವಾರ ಬಜಪೆಯಿಂದ ವಿಮಾನ ಹತ್ತಿ ಸೌದಿಯ ದಮ್ಮಾಮಿಗೆ ಕೆಲಸಕ್ಕೆ ಹಾರುತ್ತಾನೆ. ಆಮೇಲೆ ಲ್ಯಾಪ್‌ಟಾಪ್ ಡ್ರಮ್ಸ್ ಬಾರಿಸುತ್ತದಂತೆ. ಲ್ಯಾಪ್‌ಟಾಪಿಗೆ ಬೆವರು ಬರುತ್ತದಾ?

“ಈಗ ಬರುದಾ ಮಾರಾಯ? ಗಂಟೆ ಐದೂವರೆ,” ಗಿಟಾರಿನ ಆನ್ಸನ್ ಸ್ಟೇಜಿನಿಂದಲೇ ಹೇಳಿದ. “ಚೆಕ್ ಮುಗೀತು.”

“‘ಕೆಂಪು ಧೂಳು’ ಹೊಡೆದ್ರಾ?”

“ಇಲ್ಲ.”

“ಯಾಕೆ?”

“ನೀನಿಲ್ಲದೆ ಯಾರಿಗೆ ಹೊಡೆಯುದು? ಕುರ್ಚಿಗಳಿಗಾ?” ಮೊರಿಸ್ ನಕ್ಕು, ಒರೆಸಿಟ್ಟಿದ್ದ ಕೋಲುಗಳನ್ನು ಮತ್ತೆ ಎತ್ತಿಕೊಂಡ. “ಹೊಡೆಯುವ, ಆನ್ಸನ್. ಒಂದೇ.”

ಪೋರ್ಟಿನಲ್ಲಿ ಅದಿರು ಸುರಿದ ಹಾಗೆ ಡ್ರಮ್ಸ್ ಸುರಿಯಿತು. ಎರಡು ಗಟ್ಟಿ, ಒಂದು ಮೆತ್ತಗೆ. ಎರಡು ಗಟ್ಟಿ, ಒಂದು ಮೆತ್ತಗೆ. ಅಶ್ರಫ್ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕಣ್ಣು ಮುಚ್ಚಿದ.

ಎರಡನೇ ಚರಣ ಅರ್ಧಕ್ಕೆ ಬಂದಿತ್ತು. ಮದುಮಗಳ ತಾಯಿ ಗ್ಲ್ಯಾಡಿಸ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದರು. “ಜೇಸು! ಎಂತ ಗಲಾಟೆ ಇದು ಆನ್ಸನ್? ಜನ ಬರ್ತಾ ಇದ್ದಾರೆ. ಕಪಲ್ ಎಂಟ್ರಿಯ ಟ್ಯೂನ್ ಉಂಟಲ್ಲ, ಅದನ್ನು ಹೊಡಿ.”

ಆನ್ಸನ್‌ನ ಬೆರಳು ಒಂದುಸಿರೂ ತಡಮಾಡದೆ ಆ ಸಿಹಿ ಟ್ಯೂನಿಗೆ ಹೊರಳಿತು.

“ಪೂರ್ತಿ ಮಾಡಿ,” ಎಂದ ಅಶ್ರಫ್.

ಗ್ಲ್ಯಾಡಿಸ್ ತಿರುಗಿ ಅವನ ಅಂಗಿಯ ಮೇಲಿನ ಬಿಳಿ ಪುಡಿ ನೋಡಿದರು. “ಇವ ಯಾರು?”

ಆನ್ಸನ್ ಗಿಟಾರಿನ ತಂತಿ ನೋಡಿದ. “ಲೈಟಿನವ, ಆಂಟಿ.”

“ಮತ್ತೆ ನಿಂತದ್ದೆಂತ? ಬ್ಯಾಂಡಿನ ಮೇಲಿನ ಲೈಟ್ ತೆಗಿ. ಫೋಟೊದಲ್ಲಿ ಮದುಮಕ್ಕಳು ಮಾತ್ರ ಕಾಣ್ಬೇಕು.”

ನಾಲಗೆಯ ತುದಿಗೆ ಬಂದ ಬೈಗುಳ ಅಲ್ಲೇ ಸುಸ್ತಾಗಿ ಕೂತಿತು. ಅಶ್ರಫ್ ಬಾಗಿಲ ಬದಿಯ ಸ್ವಿಚ್ ಬೋರ್ಡಿಗೆ ನಡೆದ. ಮೂರು ಸ್ವಿಚ್ ತಪ್ಪಾಯಿತು. ನಾಲ್ಕನೆಯದನ್ನು ಒತ್ತಿದಾಗ ‘ಉಪ್ಪುನೀರು’ ಕತ್ತಲಲ್ಲಿ ಮುಳುಗಿತು.

ಹೊರಗೆ ಕಾರಿನ ಬಾಗಿಲುಗಳು ಬಡಿದುಕೊಂಡವು. ಸಿಹಿ ಟ್ಯೂನ್ ಹರಿಯುತ್ತಲೇ ಇತ್ತು. ಅದರ ಅಡಿಯಲ್ಲಿ, ಕಾಣದ ಕಡೆ, ಮೊರಿಸನ ಕಾಲು ದೊಡ್ಡ ಡ್ರಮ್ಮನ್ನು ಮೆಲ್ಲನೆ ಒದೆಯುತ್ತಿತ್ತು: ಎರಡು ಗಟ್ಟಿ, ಒಂದು ಮೆತ್ತಗೆ. ಗೋಡೆಯೊಳಗಿಂದ ಅದು, ಸ್ವಿಚ್ಚಿನ ಬದಿಗೆ ಊರಿದ್ದ ಅಶ್ರಫನ ಅಂಗೈಗೆ ಬಂದು ಬಡಿಯಿತು.

ಹಾಡಿನಲ್ಲಿ ಇನ್ನೂ ಒಂದೂವರೆ ಚರಣ ಬಾಕಿ ಇತ್ತು. ಅವನು ಗೋಡೆಯಿಂದ ಕೈ ತೆಗೆಯಲಿಲ್ಲ.