ನೆಪ್ಚೂನ್ ಸೀತವ್ವ

ಮಕ್ಕಳು ತಾಟು ಹಿಡಿದು ಸಾಲಾಗಿ ಊಟಕ್ಕೆ ಕೂತ ಮೇಲೆಯೇ ಆಮ್ರಪಾಲಿ ಟೀಚರಿಗೆ ನೆನಪಾದದ್ದು: ನೆಪ್ಚೂನ್ ಇನ್ನೂ ರಸ್ತೆಯಲ್ಲೇ ನಿಂತಿದೆ!

"ಸರ್ರ, ಸೀತವ್ವನ್ನ ಕರಕೊಂಡು ಬರ್ಲಿಲ್ಲೇನ್ರಿ?"

ಮುಖ್ಯ ಗುರು ಅಮರಪ್ಪನವರ ಕೈ ಜೇಬಿನಲ್ಲಿದ್ದ ಸೀಟಿಯ ಮೇಲೆ ಹೋಯಿತು. "ಅಯ್ಯ ಶಿವನ! ಊದೂದ ಮರತೆ. ಯಾರೋ ಗಾಡಿ ಮ್ಯಾಲ ಬರ್ರಿ ಅಂದ್ರು, ಹತ್ತಿ ಬಂದಬಿಟ್ಟೆ."

ತಿಕೋಟಾ ಕಡೆಯ ಆ ತೋಟದ ವಸ್ತಿಯ ಶಾಲೆಯಲ್ಲಿ ಬೆಳಗಿನಿಂದ ಸೌರಮಂಡಲದ ಪಾಠ ನಡೆದಿತ್ತು. ಪುಸ್ತಕದ ಚಿತ್ರದಲ್ಲಿ ಗ್ರಹಗಳು ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ. ನಿಜವಾದ ದೂರ ಎಷ್ಟೆಂದು ಮಕ್ಕಳ ಕಾಲಿಗೆ ಗೊತ್ತಾಗಬೇಕು ಎಂಬುದು ಆಮ್ರಪಾಲಿಯ ಹಟ. ಭೂಮಿ ಒಂದು ಜೋಳದ ಕಾಳು ಎಂದುಕೊಂಡರೆ ಸೂರ್ಯ ದೊಡ್ಡದೊಂದು ರೊಟ್ಟಿ ಬುಟ್ಟಿ. ಬುಟ್ಟಿಗೆ ಹಳದಿ ಬಣ್ಣ ಬಳಿದು ಶಾಲೆಯ ಗೇಟಿಗೆ ಕಟ್ಟಿದ್ದಳು. ಅಲ್ಲಿಂದ ನಲವತ್ತೇಳು ಮೀಟರಿಗೆ ಜೋಳದ ಕಾಳು, ಕಾಲು ಕಿಲೋಮೀಟರಿಗೆ ಗುರುಗ್ರಹದ ನಿಂಬೆಹಣ್ಣು, ಅದರಾಚೆ ಬಳೆ ತೊಟ್ಟ ಇನ್ನೊಂದು ನಿಂಬೆ, ಅದು ಶನಿ. ಅಷ್ಟರವರೆಗೆ ಮಕ್ಕಳೇ ನಿಂತರು. ಮುಂದೆ ಟೆಂಪೋಗಳು ಓಡುವ ದೊಡ್ಡ ರಸ್ತೆ. ಹಾಗಾಗಿ ಯುರೇನಸ್ಸಿನ ದ್ರಾಕ್ಷಿ ಹಿಡಿದು ಅಮರಪ್ಪನವರೇ ಒಂಬೈನೂರು ಮೀಟರು ನಡೆದರು. ನೆಪ್ಚೂನ್ ಸುಮಾರು ಒಂದೂವರೆ ಕಿಲೋಮೀಟರು. ಯಾರೂ ಉಳಿದಿರಲಿಲ್ಲ. ಬಿಸಿಯೂಟದ ಸೀತವ್ವ ಅನ್ನ ಸಾರು ಇಳಿಸಿ ಕೈ ಒರೆಸಿಕೊಳ್ಳುತ್ತ, "ನಾ ನಿಂದರ್ತೀನಿ ತಗೋರಿ" ಎಂದು ಒಂದು ದ್ರಾಕ್ಷಿ ಎತ್ತಿಕೊಂಡು ಹೊರಟಿದ್ದಳು. ಪಾಠ ಮುಗಿದಾಗ ಗೇಟಿನಿಂದ ಒಂದು ಸೀಟಿ. ಕೇಳಿದವರು ಮುಂದಿನವರಿಗೆ ಊದಿ ತಿರುಗಿ ಬರಬೇಕು ಎಂದು ಮಾತಾಗಿತ್ತು.

ಆಮ್ರಪಾಲಿ ಸ್ಕೂಟಿ ಓಡಿಸಿದಳು. ದ್ರಾಕ್ಷಿ ತೋಟದ ಬೇಲಿಯ ಪಕ್ಕ ಸೀತವ್ವ ತಲೆಮೇಲೆ ಸೆರಗು ಹೊದ್ದು, ಅಂಗೈ ಚಾಚಿ ನಿಂತೇ ಇದ್ದಳು. ಎದುರಿಗೆ ಟೆಂಪೋ ನಿಲ್ಲಿಸಿಕೊಂಡು ಡ್ರೈವರ್ ಇಸ್ಮಾಯಿಲ ಕುಕ್ಕರುಗಾಲಲ್ಲಿ ಕೂತು ಪಾಠ ಕೇಳುತ್ತಿದ್ದ.

"ನಾನ ಕಡೀ ಗ್ರಹ. ಅಲ್ಲಿ ಗೇಟಿಗೆ ಹಳದಿ ಚುಕ್ಕಿ ಕಂಡೂ ಕಾಣದಂಗ ಐತಲ್ಲ, ಅದು ಸೂರ್ಯ."

"ಮತ್ತ ನಾವೆಲ್ಲಿ ಬರ್ತೀವಿ ಬೇ?"

"ಅದರ ಮಗ್ಗಲಕ, ಜ್ವಾಳದ ಕಾಳಿನಾಗ. ನೀನು, ನಿನ್ನ ಟೆಂಪೋ, ನಿನ್ನ ಸೊಲ್ಲಾಪುರ ಎಲ್ಲಾ ಅದರಾಗ."

"ಹಂಗಾದ್ರ ಸೊಲ್ಲಾಪುರ ದೂರೇನಿಲ್ಲ ಬಿಡು!" ಇಸ್ಮಾಯಿಲ ನಗುತ್ತ ಟೆಂಪೋ ಹತ್ತಿ ಹೋದ.

ಆಮ್ರಪಾಲಿಗೆ ಮುಖ ಎತ್ತಲಾಗಲಿಲ್ಲ. "ತಪ್ಪಾತ್ರಿ ಸೀತವ್ವ. ಎಲ್ಲಾರೂ ಹೋಗಿ ಅರ್ಧ ತಾಸಾತು. ನೀವರೆ ನಡಕೋತ ಬರಬಾರ್ದೇನ್ರಿ?"

"ಸೀಟಿ ಕೇಳಿಸ್ಲಿಲ್ಲಲ್ರಿ ಅಕ್ಕಾರ. ನಾ ಬಿಟ್ಟ ಬಂದ್ರ ನಿಮ್ಮ ಪಾಠ ಕೆಡತಿತ್ತು."

"ಸಿಟ್ಟು ಬಂತೇನ್ರಿ?"

"ಸಿಟ್ಟ ಯಾಕ? ಹತ್ತೊಂಬತ್ತ ವರ್ಷದಾಗ ಈ ಹೊತ್ತಿಗೆ ನಾ ಒಲಿ ಬಿಟ್ಟು ಹೊರಗ ನಿಂತಿದ್ದ ಇಲ್ಲ. ತ್ವಾಟದ ಗಾಳಿ ಹೆಂಗ ಇರತೈತಿ ಅಂತ ಇವತ್ತ ಗೊತ್ತಾತು." ಸೀತವ್ವ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಮಾರ್ಚ್ ಮುಗಿದ್ರ ಹೆಂಗೂ ಹೊರಗ."

ಆಮ್ರಪಾಲಿ ಬೆಚ್ಚಿದಳು. ಅರವತ್ತು ತುಂಬಿದವರನ್ನು ಮಾರ್ಚ್ ಕೊನೆಗೆ ಅಡುಗೆ ಕೆಲಸದಿಂದ ಬಿಡಿಸಬೇಕು ಎಂಬ ಕಾಗದ ಬಂದು ವಾರವಾಗಿತ್ತು. ಅಮರಪ್ಪನವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ನೀವು ಹೇಳ್ರಿ, ನೀವು ಹೇಳ್ರಿ ಎನ್ನುತ್ತ ಇಬ್ಬರೂ ದಿನ ದೂಡುತ್ತಿದ್ದರು.

"ನಿಮಗ ಯಾರ ಹೇಳಿದ್ರು?"

"ಯಾರ್ಯಾಕ ಹೇಳಬೇಕ್ರಿ? ಕಾಗದ ಬಂದ ಕೂಡ್ಲೆ ಕಪಾಟಿಗೆ ಬೀಗ ಬಿತ್ತು. ವಾರದಿಂದ ಹೆಡ್ ಮಾಸ್ತರ ಸಾರಿಗೆ ಉಪ್ಪಿಲ್ದಿದ್ರೂ ಭಾಳ ಚಲೋ ಆಗೇತಿ ಅನ್ನಾಕತ್ತಾರ. ನನಗ ತಿಳಿಯಂಗಿಲ್ಲೇನು?"

ಆಮ್ರಪಾಲಿ ಗಾಡಿ ತಿರುಗಿಸಿದಳು. ಸೀತವ್ವ ಹಿಂದೆ ಕೂತಳು. ಸ್ವಲ್ಪ ದೂರ ಬಂದ ಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದಳು:

"ಅಕ್ಕಾರ, ಈ ನೆಪ್ಚೂನ್ ಸೂರ್ಯಾನ ಒಂದ ಸುತ್ತ ಹಾಕಾಕ ಎಷ್ಟ ದಿನ ತಗೋತೈತ್ರಿ?"

"ದಿನ ಅಲ್ರಿ, ನಮ್ಮ ನೂರಾ ಅರವತ್ತೈದು ವರ್ಷ. ಅಲ್ಲಿ ಅದ ಒಂದ ವರ್ಷ."

ಸೀತವ್ವ ಬೆರಳು ಮಡಚಿ ಬಿಚ್ಚಿ ಏನೋ ಎಣಿಸುತ್ತಿರುವುದು ಗಾಡಿಯ ಕನ್ನಡಿಯಲ್ಲಿ ಕಾಣುತ್ತಿತ್ತು.

ಶಾಲೆಯಲ್ಲಿ ಅಮರಪ್ಪನವರು ಪ್ಯಾಂಟು ಮಡಚಿಕೊಂಡು ತಾವೇ ಬಡಿಸುತ್ತಿದ್ದರು. ಅರ್ಧ ಸಾರು ತಾಟಿಗೆ, ಅರ್ಧ ಅಂಗಿಗೆ. ಮಕ್ಕಳು ಮುಸಿಮುಸಿ ನಗುತ್ತಿದ್ದರು. ಸೀತವ್ವನನ್ನು ಕಂಡದ್ದೇ ಅವರು ಓಡಿಬಂದರು.

"ತಪ್ಪ ತಿಳ್ಕೋಬ್ಯಾಡವ್ವಾ. ವಯಸ್ಸಾದಾಕಿನ್ನ ಬಿಸಲಾಗ ನಿಲ್ಲಿಸಿ ಬಂದ್ನಿ. ನೀ ಇವತ್ತ ಕುಂದ್ರು, ನಾ ನೀಡ್ತೀನಿ."

ಸೀತವ್ವ ಅವರ ಕೈಯಿಂದ ಸೌಟು ಕಸಿದುಕೊಂಡಳು.

"ವಯಸ್ಸ ಎಲ್ಲೈತ್ರಿ ಸರ್ರ? ಇಲ್ಲಿ ಅರವತ್ತಾದ್ರೂ ನೆಪ್ಚೂನ್ ಮ್ಯಾಲ ನಾ ಇನ್ನ ನಾಕ ತಿಂಗಳ ಕೂಸು. ಕಪಾಟಿನಾಗಿನ ಕಾಗದಕ್ಕ ಹಂಗಂತ ಬರದ ಕಳಸ್ರಿ."