ಪಶ್ಚಿಮ ಕಿಟಕಿಯ ಗಿರಾಕಿ

ದುರ್ಬೀನು ಮತ್ತೆ ಹೊರಬಂತು.

ವೇಟರ್ ಕಣ್ಸನ್ನೆ ಮಾಡಿದ್ದೇ ಮ್ಯಾನೇಜರಮ್ಮ ಕಂಬದ ಮರೆಗೆ ಸರಿದಳು. ಪಶ್ಚಿಮದ ಕಿಟಕಿ, ಮೂಲೆಯ ಮೇಜು, ಅರವತ್ತು ದಾಟಿದ ಗಂಡಸು. ಇದು ಸತತ ನಾಲ್ಕನೆಯ ಮಧ್ಯಾಹ್ನ. ಲಿಫ್ಟ್ ಬಿಟ್ಟು ನೂರಾ ಎಂಬತ್ತು ಮೆಟ್ಟಿಲು ಹತ್ತಿಯೇ ಬರುತ್ತಾನೆ. ಸೂಪ್ ತರಿಸಿಕೊಂಡು ಮುಟ್ಟದೆ ಕೂರುತ್ತಾನೆ.

ಊರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಗಂಟೆ ಬಾರಿಸಲೆಂದು ಹಿಂದೆ ಕಟ್ಟಿದ ಗೋಪುರ ಅದು. ಹತ್ತು ವರ್ಷ ಬೀಗ ಜಡಿದುಕೊಂಡಿದ್ದು ಈಗ ಐಷಾರಾಮಿ ಹೋಟೆಲಾಗಿತ್ತು. ಗಂಟೆ ತೂಗುತ್ತಿದ್ದ ತುದಿಯಲ್ಲಿ ರೆಸ್ಟೋರೆಂಟು. ಬಂದವರೆಲ್ಲ ನದಿ ಕಾಣುವ ಕಡೆಗೇ ಮುಗಿಬೀಳುತ್ತಿದ್ದರು. ಪಶ್ಚಿಮಕ್ಕಿದ್ದದ್ದು ಬರೀ ತಾರಸಿಗಳು, ನೀರಿನ ಟ್ಯಾಂಕುಗಳು.

"ನಿನ್ನೆ ಏನು ಕೇಳಿದ ಗೊತ್ತಾ ಮೇಡಂ?" ವೇಟರ್ ಪಿಸುಗುಟ್ಟಿದ. "ನೀವು ಯಾವಾಗ ಒಬ್ಬರೇ ಸಿಗ್ತೀರಿ ಅಂತ. ನಿಮಗೆ ಕೋಪ ಬೇಗ ಬರುತ್ತಾ ಅಂತಾನೂ ಕೇಳಿದ."

ಅವಳು ನೀರಿನ ಜಗ್ ಹಿಡಿದು ಮೆಲ್ಲಗೆ ಅವನ ಬೆನ್ನ ಹಿಂದೆ ನಿಂತಳು. ದುರ್ಬೀನು ನೆಟ್ಟಿದ್ದ ದಿಕ್ಕಿಗೆ ಕಣ್ಣು ಹಾಯಿಸಿದಳು. ಮೂರನೆಯ ಬೀದಿ. ಹಸಿರು ಗೇಟು. ತಾರಸಿಯ ಮೇಲೆ ಬಟ್ಟೆ ಹರವುತ್ತಿರುವ ಹೆಂಗಸು.

ಅದು ಅವಳದೇ ಮನೆ. ಆ ಹೆಂಗಸು ಅವಳ ಅಮ್ಮ. ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಹಗಲೆಲ್ಲ ಅಮ್ಮ ಮನೆಯಲ್ಲಿ ಒಬ್ಬಳೇ.

"ಚೆನ್ನಾಗಿ ಕಾಣ್ತಿದೆಯಾ?" ಎಂದಳು.

ಅವನು ಬೆಚ್ಚಿಬಿದ್ದ. ಸೂಪ್ ಮೇಜಿನ ಮೇಲೆಲ್ಲ ಚೆಲ್ಲಿತು.

"ಅಮ್ಮಾ, ನಿಮ್ಮ ಹತ್ರ ಒಂದು ಮಾತು..."

"ಅದನ್ನ ಪೊಲೀಸರ ಹತ್ರ ಹೇಳಿ."

ಸೆಕ್ಯುರಿಟಿಯವರು ಇಬ್ಬರು ಬಂದು ಅವನ ಎಡಬಲಕ್ಕೆ ನಿಂತರು. ಅವನು ಕರವಸ್ತ್ರ ತೆಗೆದು ಕುತ್ತಿಗೆಯ ಬೆವರು ಒರೆಸಿಕೊಂಡ. ಕಳ್ಳನಿಗೆ ಇಷ್ಟು ನಾಚಿಕೆಯೇ ಎಂದುಕೊಳ್ಳುತ್ತಲೇ ಅವಳು ಅಡುಗೆಮನೆಯ ಓಣಿಗೆ ಓಡಿ ಫೋನ್ ಹಚ್ಚಿದಳು.

"ಅಮ್ಮಾ, ಮೊದಲು ಒಳಗೆ ಹೋಗು, ಚಿಲಕ ಹಾಕ್ಕೋ. ಯಾವನೋ ಮುದುಕ ನಾಲ್ಕು ದಿನದಿಂದ ದುರ್ಬೀನು ಹಿಡ್ಕೊಂಡು ನಿನ್ನನ್ನೇ ನೋಡ್ತಿದ್ದಾನೆ. ಹಿಡಿದು ಕೂರಿಸಿದ್ದೀನಿ. ಈಗ ಪೊಲೀಸರಿಗೆ ಹೇಳ್ತೀನಿ."

ಆ ಕಡೆ ಬಟ್ಟೆಯ ಬಕೆಟ್ಟು ಉರುಳಿದ ಸದ್ದಾಯಿತು.

"ಅಯ್ಯೋ, ಬೇಡ ಕಣೇ! ಅವರು ಆ ಗೋಪುರದಲ್ಲೇ ಕಾವಲಿಗಿದ್ದವರು," ಎಂದಳು ಅಮ್ಮ. ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ನನ್ನನ್ನ ಮದುವೆ ಮಾಡಿಕೊಡು ಅಂತ ನಿನ್ನನ್ನ ಕೇಳೋಕೆ ನಾಲ್ಕು ದಿನದಿಂದ ಹತ್ತಿ ಇಳೀತಿದ್ದಾರೆ... ಧೈರ್ಯ ಸಾಲದಿದ್ರೆ ತಾರಸಿ ಕಡೆ ನೋಡಿ, ನಾನಿರ್ತೀನಿ ಅಂತ ನಾನೇ ಹೇಳಿದ್ದೆ."