ಪಂಪು ನಿಂತಾಗ

ಹಜಾರದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಹವಳ, ಐದು ಮೀನು. ವಾರಿಜಾಳಿಗೆ ಅದು ಸವತಿ. ಅವಳು ಹತ್ತಿರ ಹೋದರೆ ಸಾಕು, ಮೀನುಗಳು ಕಲ್ಲಿನ ಸಂದಿಗೆ ನುಗ್ಗುತ್ತಿದ್ದವು.

"ಮದುವೆಯಾಗಿ ಆರು ವರ್ಷ ಆಯ್ತು. ಇವಕ್ಕೆ ನಾನಿನ್ನೂ ಹೊಸಬಳಾ?"

"ಊಟ ಹಾಕೋರನ್ನ ಮಾತ್ರ ಅವು ಗುರುತು ಹಿಡಿಯೋದು. ಅದಕ್ಕೂ ತಿಂಗಳುಗಟ್ಟಲೆ ಬೇಕು," ಎಂದ ಗಂಡ. "ನೀನು ಕೈ ಹಾಕ್ಬೇಡ ಮಾರಾಯ್ತಿ. ಸೋಪಿನ ಕೈ ಸೋಕಿದ್ರೂ ಹವಳ ಸಾಯುತ್ತೆ."

ಮಧ್ಯಾಹ್ನ, ಅವಳು ಶಾಲೆಯಲ್ಲಿ ಪಾಠ ಮಾಡುವ ಹೊತ್ತಿನಲ್ಲಿ, ಅವನೇ ಊಟ ಹಾಕುತ್ತಿದ್ದನಂತೆ.

ರಜೆಯಲ್ಲಿ ಅವಳು ತವರಿಗೆ ಹೊರಟಳು, ಅವನು ಕೆಲಸದ ಮೇಲೆ ಪರವೂರಿಗೆ.

"ನಿಮ್ಮ ಮುದ್ದಿನವರನ್ನ ನೋಡ್ಕೊಳ್ಳೋದು ಯಾರು?"

"ಯಾರೂ ಬೇಡ. ಪಂಪು ನಿಂತ್ರೆ ನನ್ನ ಮೊಬೈಲಿಗೆ ಮೆಸೇಜ್ ಬರುತ್ತೆ."

ತವರಿನಲ್ಲಿ ಮೂರು ದಿನ ಕಾದರೂ ಅವನ ಫೋನ್ ಬರಲಿಲ್ಲ. ನಾಲ್ಕನೆಯ ದಿನ ಅವಳು ಯಾರಿಗೂ ಹೇಳದೆ ಮನೆಗೆ ಮರಳಿ, ಪಂಪಿನ ಸ್ವಿಚ್ ಆರಿಸಿದಳು. ನೀರಿನ ಸದ್ದು ಅಡಗಿತು. ಅವನು ಅಲ್ಲಿಂದ ಓಡಿ ಬರುವಷ್ಟರಲ್ಲಿ ಉಸಿರುಗಟ್ಟಿ ಎಲ್ಲ ಸತ್ತಿರುತ್ತವೆ ಎಂದುಕೊಂಡು ಎದುರಿಗೇ ಕುಳಿತಳು.

ಹತ್ತು ನಿಮಿಷವಾಗಿರಬೇಕು. ಹೊರಗಿನಿಂದ ಯಾರೋ ಬೀಗದ ಕೈ ತಿರುಗಿಸಿದರು. ಒಳಗೆ ಬಂದ ಹೆಂಗಸು ಅವಳನ್ನು ಕಂಡು ತಬ್ಬಿಬ್ಬಾದಳು.

"ಪಂಪು ನಿಂತಿದೆ ಅಂತ ಸರ್ ಫೋನ್ ಮಾಡಿದ್ರು. ಕೀ ಹೂಕುಂಡದ ಕೆಳಗಿದೆ ಅಂದ್ರು. ಪಕ್ಕದ ಬೀದಿಯವಳು ನಾನು, ನಿಮ್ಮ ಮನೆಗೆ ಇವತ್ತೇ ಮೊದಲು ಬರ್ತಿರೋದು."

ವಾರಿಜಾ ತೊಟ್ಟಿಯ ಕಡೆ ತಿರುಗಿದಳು. ಐದೂ ಮೀನುಗಳು ಸಂದಿಯಿಂದ ಹೊರಬಂದು, ಆ ಹೆಂಗಸಿನತ್ತ ಗಾಜಿಗೆ ಮೂತಿಯಿಟ್ಟು ಊಟಕ್ಕೆ ಕಾಯುತ್ತಿದ್ದವು.